ಚರಂಡಿ ಖಾಲಿ, ರಸ್ತೆ ತುಂಬ ನೀರು: ಕಾರಣ ಸಿಕ್ಕಿತು!

ಜೋರು ಮಳೆ ಬಂದರೆ ನಮ್ಮ ಬೆಂಗಳೂರಿನ ಈ ಬೀದಿಯಲ್ಲಿ ನೀರು ನಿಲ್ಲುತ್ತದೆ. ಎಲ್ಲರೂ ಹೂಳನ್ನೇ ಬೈಯುತ್ತಿದ್ದರು. ಬೇಸಿಗೆಯಲ್ಲಿ ಹೂಳೆತ್ತಿದರು. ಆಮೇಲೂ ನೀರು ನಿಂತಿತು.

ಟೇಪು, ಲೆವೆಲ್ ಪೈಪು ಹಿಡಿದು ಚರಂಡಿ ಅಳೆದೆ. ಆಕಾರ, ಇಳಿಜಾರು, ಒಳಮೈಯ ಒರಟುತನ ಕೊಟ್ಟರೆ ಎಷ್ಟು ನೀರು ಸಾಗುತ್ತದೆ ಅಂತ ಹೇಳುವ ಮ್ಯಾನಿಂಗ್ ಸೂತ್ರದಿಂದ ಲೆಕ್ಕ ಹಾಕಿದೆ. ಚರಂಡಿ 60 ಸೆಂ.ಮೀ. ಅಗಲ, ಅಷ್ಟೇ ಆಳ, ಇಳಿಜಾರು 200ಕ್ಕೆ 1. 20 ಸೆಂ.ಮೀ. ಹೂಳಿದ್ದಾಗ ಒರಟುತನ 0.025 ಹಿಡಿದರೆ ಸೆಕೆಂಡಿಗೆ ಸುಮಾರು 210 ಲೀಟರ್ ಸಾಗುತ್ತಿತ್ತು. ಈಗ ಸ್ವಚ್ಛ ಕಾಂಕ್ರೀಟಿಗೆ 0.015 ಹಿಡಿದರೆ 580. ಗಂಟೆಗೆ 60 ಮಿ.ಮೀ. ರಭಸದ ಮಳೆಯಲ್ಲಿ ನಮ್ಮ 2 ಹೆಕ್ಟೇರಿನಿಂದ, ಇಂಗುವುದನ್ನು ಕಳೆದರೆ, ಬರುವುದು ಸೆಕೆಂಡಿಗೆ ಸುಮಾರು 300 ಲೀಟರ್ ಅಷ್ಟೇ. ಮತ್ತೆ ನೀರು ನಿಲ್ಲೋದ್ಯಾಕೆ?

ಚರಂಡಿಯೊಳಗಿನ ಮಟ್ಟ ನೋಡದೆ ಬೇರೆ ದಾರಿ ಇರಲಿಲ್ಲ. ಶಬ್ದದ ಅಲೆ ಬಿಟ್ಟು ನೀರಿನ ಮಟ್ಟ ಅಳೆಯುವ ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ ಕೇಳಿದರೆ ಅಂಗಡಿಯವರು ನೀರು ತಡೆಯದ ಮಾಮೂಲಿ ಎರಡು ಕಣ್ಣಿನದನ್ನು ಕಳಿಸಿದರು. ಸರಿಯಾದದ್ದು ಕೈಗೆ ಬರುವಷ್ಟರಲ್ಲಿ ಮೇ ತಿಂಗಳ ಒಳ್ಳೊಳ್ಳೆ ಮಳೆಗಳು ಮುಗಿದಿದ್ದವು. ತುಂಬಾ ಸಿಟ್ಟು ಬಂತು.

ಆದರೆ ಮೊನ್ನೆಯ ಮಳೆ ಎಲ್ಲ ಹೇಳಿತು. ರಸ್ತೆಯ ಮೇಲೆ 10 ಸೆಂ.ಮೀ. ನೀರು. ಚರಂಡಿಯೊಳಗೂ 10 ಸೆಂ.ಮೀ. ಮಾತ್ರ! ಅಂದರೆ ಸೆಕೆಂಡಿಗೆ ಸುಮಾರು 50 ಲೀಟರ್. ನೀರು ಚರಂಡಿಗೆ ಇಳಿಯುತ್ತಲೇ ಇಲ್ಲ.

ತಡೆ ಇರುವುದು ರಸ್ತೆ ಅಂಚಿನ ಕರ್ಬ್ ಕಲ್ಲಿನ ತೂತುಗಳಲ್ಲಿ. 200 ಮೀಟರ್ ಉದ್ದಕ್ಕೆ 20 ತೂತು, ತಲಾ 10 ಸೆಂ.ಮೀ. ವ್ಯಾಸ. ಅರ್ಧದಷ್ಟಕ್ಕೆ ಎಲೆ, ಪ್ಲಾಸ್ಟಿಕ್ ಕಟ್ಟಿಕೊಂಡಿದೆ. ಅವುಗಳಲ್ಲಿ ಕೆಲವಂತೂ ಹೊಸ ಡಾಂಬರಿನಡಿ ಮುಚ್ಚಿಹೋಗಿವೆ. ತೂತಿನ ಬಾಯಿ ಮುಳುಗಿದಾಗ ಒಂದರಿಂದ ಸೆಕೆಂಡಿಗೆ 4.7 ಲೀಟರ್ ಇಳಿಯುತ್ತದೆ. ಹತ್ತು ತೂತಿಗೆ 47. ಸೆನ್ಸರ್ ಹೇಳಿದ್ದಕ್ಕೆ ಎಷ್ಟು ಹತ್ತಿರ, ನೋಡಿ! 300 ಲೀಟರ್ ಇಳಿಯಬೇಕಾದರೆ ಅರವತ್ತಕ್ಕೂ ಜಾಸ್ತಿ ತೂತು ಬೇಕು. ಮನೆಗಳ ತಾರಸಿ ನೀರೂ ಇಲ್ಲಿ ರಸ್ತೆಗೇ ಬೀಳುತ್ತದೆ. ತಗ್ಗಿನ ಜಾಗದಲ್ಲಿ ಉದ್ದನೆಯ ಜಾಲರಿ ಕೂರಿಸಲೇಬೇಕು. ಹಳೇ ಡಾಂಬರು ಕೆರೆಯದೆ ಹೊಸದು ಹಾಕುವುದು ನಿಲ್ಲಬೇಕು.

ಅಂದ ಹಾಗೆ, ಮುಂದಿನದು ಟಿಪ್ಪಿಂಗ್ ಬಕೆಟ್ ಮಳೆಮಾಪಕ, ಅಂದರೆ ಪುಟ್ಟ ಬಕೆಟ್ ತುಂಬಿದಾಗಲೆಲ್ಲ ಮಗುಚಿ ಮಳೆ ಎಣಿಸುವ ಸಾಧನ. 200 ಚದರ ಸೆಂ.ಮೀ. ಆಲಿಕೆ, 4 ಮಿ.ಲೀ.ಗೆ ಒಮ್ಮೆ ಮಗುಚಿದರೆ 0.2 ಮಿ.ಮೀ. ಮಳೆ. ದಿನದ ಒಟ್ಟು ಮಳೆ ಗೊತ್ತಾದರೆ ನಮಗೆ ಸಾಲದು, ಹತ್ತು ನಿಮಿಷದ ರಭಸ ಬೇಕು ಅಲ್ವಾ? ಬಕೆಟ್ಟಿಗೆ ತ್ರೀಡಿ ಪ್ರಿಂಟ್ ಶುರುವಾಗಿದೆ.

ಇನ್ನೊಂದು ಚಿಂತೆ ಇದೆ. ಜಾಲರಿ ಹಾಕಿದರೆ ನೀರು ಬೇಗ ಇಳಿದು ಬೆಳ್ಳಂದೂರು ಕೆರೆ ಕಡೆಯ ರಾಜಕಾಲುವೆಗೂ ಬೇಗ ಸೇರುತ್ತದೆ. ಕಾಲುವೆ ತುಂಬಿ ಹರಿಯುತ್ತಿದ್ದರೆ ಚರಂಡಿಯ ನೀರು ಸರಾಗವಾಗಿ ಹೊರಹೋಗದೆ ನಮ್ಮ 580ರ ಲೆಕ್ಕವೇ ನಿಲ್ಲುವುದಿಲ್ಲ. ಎರಡನೇ ಸೆನ್ಸರನ್ನು ಚರಂಡಿ ಕಾಲುವೆಗೆ ಸೇರುವ ಬಾಯಲ್ಲೇ ಕೂರಿಸುತ್ತೇನೆ.