ವಿಸಿಟಿಂಗ್ ಕಾರ್ಡಿಗೆ ಗೋಲ್ಡ್ ಫಾಯಿಲ್, ಬಿಲ್ ಬುಕ್ಕಿಗೆ ಯಾವುದೋ ಒಂದು ಕಾಗದ

ನಮ್ಮ ಗದಗಿಗೆ ಮುದ್ರಣ ಕಾಶಿ ಅನ್ನುವ ಹೆಸರಿದೆ. ಇಲ್ಲಿನ ಒಂದು ಆಫ್‌ಸೆಟ್ ಪ್ರೆಸ್‌ನಲ್ಲಿ ನಾನು ಡಿಸೈನ್ ಮಾಡುತ್ತೇನೆ. ಹೊಸ ಅಂಗಡಿ ತೆರೆಯುವವರು ಬಂದು ಕೂತ ಕೂಡಲೇ ಹೇಳುವುದು ಒಂದೇ ಮಾತು, "ರಿಚ್ ಕಾಣಬೇಕ್ರಿ." ರಿಚ್ ಅಂದರೆ 350 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ದಪ್ಪ ಕಾರ್ಡು, ಮೇಲೆ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್, ಹೆಸರಿಗಷ್ಟೇ ಮಿಂಚುವ ಸ್ಪಾಟ್ ಯುವಿ ಲೇಪ, ಲೋಗೊಗೆ ಗೋಲ್ಡ್ ಫಾಯಿಲ್. ಇಟ್ಟುಕೊಂಡಿದ್ದ ದುಡ್ಡು ವಿಸಿಟಿಂಗ್ ಕಾರ್ಡಿಗೇ ಮುಗಿದಿರುತ್ತದೆ. ಆಮೇಲೆ ಬಿಲ್ ಬುಕ್, ಕವರ್, ಕ್ಯಾರಿ ಬ್ಯಾಗ್ ವಿಷಯ ಬಂದಾಗ, "ಅದು ಹೆಂಗಿದ್ರೂ ನಡಿತೈತಿ, ಕಡಿಮಿದು ಹಾಕ್ರಿ."

ಆದರೆ ವಿಸಿಟಿಂಗ್ ಕಾರ್ಡು ಯಾರ ಕೈಗೆ ಹೋಗುತ್ತದೆ? ಹೋಲ್‌ಸೇಲ್‌ನವರಿಗೆ, ಬ್ಯಾಂಕಿನವರಿಗೆ, ಮದುವೆ ಮನೆಯಲ್ಲಿ ಸಿಕ್ಕ ಪರಿಚಯದವರಿಗೆ. ಗಿರಾಕಿ ಕೈಗೆ ಬರುವುದು ಬಿಲ್ಲು. ಅದೂ ಈಗಷ್ಟೇ ದುಡ್ಡು ಎಣಿಸಿ ಕೊಟ್ಟು, ಕೊಟ್ಟಿದ್ದು ಜಾಸ್ತಿ ಆಯಿತೇನೋ ಅಂತ ಯೋಚಿಸುತ್ತಿರುವ ಹೊತ್ತಿನಲ್ಲಿ. ಹರಿಯಲು ಹಾಕುವ ತೂತಿನ ಸಾಲು, ಅಂದರೆ ಪರ್ಫೊರೇಷನ್, ಸರಿ ಇಲ್ಲದೆ ಅಡ್ಡಾದಿಡ್ಡಿ ಹರಿದು, ಜಿಎಸ್‌ಟಿ ನಂಬರಿನ ಅರ್ಧ ಬುಕ್ಕಿನಲ್ಲೇ ಉಳಿದ ಬಿಲ್ಲನ್ನು ಒಳ್ಳೆ ರೇಷ್ಮೆ ಸೀರೆಯ ಜೊತೆ ಕೊಟ್ಟರೆ ಹೇಗಿರುತ್ತದೆ ಹೇಳಿ. ಸೀರೆ ಅಸಲಿಯೇ ಇರಬಹುದು, ಅನುಮಾನ ಮಾತ್ರ ಬಂದೇ ಬರುತ್ತದೆ.

ಹೊಳಪಿನ ಹುಚ್ಚು ಇನ್ನೊಂದು. ಡಾಕ್ಟರೊಬ್ಬರು ತಮ್ಮ ಪ್ರಿಸ್ಕ್ರಿಪ್ಷನ್ ಪ್ಯಾಡು ಹೊಳೆಯುವ ಆರ್ಟ್ ಪೇಪರ್‌ನಲ್ಲೇ ಆಗಬೇಕು ಅಂದರು. ನಾನು ವಾದ ಮಾಡಲಿಲ್ಲ. ಒಂದು ಆರ್ಟ್ ಪೇಪರ್, ಕೋಟಿಂಗ್ ಇಲ್ಲದ ಒಂದು 100 ಜಿಎಸ್‌ಎಂ ಬಾಂಡ್ ಪೇಪರ್ ಮುಂದಿಟ್ಟು, "ಸರ್, ಎರಡರ ಮೇಲೂ ಒಂದೊಂದು ಸಹಿ ಮಾಡಿ, ಸೀಲೂ ಹೊಡೆಯಿರಿ" ಅಂದೆ. ಆರ್ಟ್ ಪೇಪರ್‌ಗೆ ಮೇಲೆ ಕೋಟಿಂಗ್ ಇರುತ್ತದೆ, ಮಸಿ ಬೇಗ ಒಳಗಿಳಿಯುವುದಿಲ್ಲ. ಅವರು ಹೆಬ್ಬೆರಳಲ್ಲಿ ಸವರಿ ನೋಡಿದರು, ಸೀಲು ನೇರಳೆ ಬಣ್ಣದ ಕಲೆ ಆಗಿ ಬೆರಳಿಗೆ ಬಂತು. ಬಾಂಡ್ ಪೇಪರ್‌ಗೇ ಒಪ್ಪಿದರು.

ಬಣ್ಣದ್ದು ದೊಡ್ಡ ಕಥೆ. ಸ್ವೀಟ್ ಅಂಗಡಿಯವರೊಬ್ಬರ ಬೋರ್ಡು ಕಡುಗೆಂಪು, ಡಬ್ಬಿ ಇಟ್ಟಿಗೆ ಬಣ್ಣ, ಕ್ಯಾರಿ ಬ್ಯಾಗು ಹೆಚ್ಚುಕಡಿಮೆ ಗುಲಾಬಿ. ಮೂರೂ ಮೂರು ಕಡೆ ಮಾಡಿಸಿದ್ದು, ಮೂವರಿಗೂ ವಾಟ್ಸಾಪ್‌ನಲ್ಲಿ ಒಂದೇ ಫೋಟೊ ಹೋಗಿತ್ತು. ಮೊಬೈಲ್ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ನಮ್ಮ ಮಷೀನು ನೀಲಿ, ಮಜೆಂಟಾ, ಹಳದಿ, ಕಪ್ಪು ಮಸಿಯಿಂದ. ಪರದೆಯ ಮೇಲೆ ಮಿನುಗುವ ಎಷ್ಟೋ ಬಣ್ಣಗಳು ಕಾಗದದ ಮೇಲೆ ಬರುವುದೇ ಇಲ್ಲ. ಸರಿ, ಮಜೆಂಟಾ ಶೇಕಡಾ 100, ಹಳದಿ ಶೇಕಡಾ 100 ಅಂತ ಬರೆದುಕೊಟ್ಟರೆ ಸಾಕಾ? ಅದೂ ಸಾಲದು. ಕೋಟಿಂಗ್ ಇಲ್ಲದ ಕಾಗದ ಮಸಿ ಹೀರುತ್ತದೆ, ಅದೇ ಕೆಂಪು ಅಲ್ಲಿ ಮಂಕಾಗುತ್ತದೆ. ಅದಕ್ಕೇ ನಾನು ಹೇಳುವುದು, ಒಮ್ಮೆ ಮನಸ್ಸಿಗೆ ಒಪ್ಪುವ ಹಾಗೆ ಅಚ್ಚಾದ ಒಂದು ಹಾಳೆಯನ್ನು ಬಿಸಿಲು ಬೀಳದ ಕಡೆ ಎತ್ತಿಡಿ, ಮುಂದೆ ಯಾವ ಪ್ರೆಸ್‌ಗೆ ಹೋದರೂ ಫೋಟೊ ತೋರಿಸಬೇಡಿ, ಆ ಹಾಳೆ ಕೊಟ್ಟು ಇದಕ್ಕೆ ಮ್ಯಾಚ್ ಮಾಡಿ ಅನ್ನಿ. ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ನೋಡಿ. ಆನೆ ತಲೆ, ಸಿಂಹದ ಮೈ ಇರುವ ಶರಭದ ಗುರುತು, ಆ ಕೆಂಪು, ಆ ಹಸಿರು. ಅಕ್ಷರ ಬಾರದ ಅಜ್ಜಿಗೂ ಅಂಗಡಿಯ ಶೆಲ್ಫಿನಲ್ಲಿ ಅದು ಗೊತ್ತಾಗುತ್ತದೆ.

ಕನ್ನಡ ಅಕ್ಷರಗಳ ಗೋಳು ನಮಗೇ ಗೊತ್ತು. ಕಪ್ಪು ಹಿನ್ನೆಲೆ ಮೇಲೆ ಬಿಳಿ ಸಣ್ಣ ಅಕ್ಷರ ಈಗ ಫ್ಯಾಷನ್. ಇಂಗ್ಲಿಷಿಗೆ ಅದು ಹೇಗೋ ನಡೆಯುತ್ತದೆ. ಕನ್ನಡದಲ್ಲಿ 6 ಪಾಯಿಂಟಿಗೆ ಇಳಿಸಿದರೆ ಥ ಒಳಗಿನ ಚುಕ್ಕಿ, ಧ ಕೆಳಗಿನ ಸೀಳು ಎರಡೂ ಮಾಯವಾಗಿ ಎಲ್ಲ ದ ಆಗುತ್ತದೆ. ಒತ್ತಕ್ಷರ ಕೆಳಗಿನ ಸಾಲಿಗೆ ಡಿಕ್ಕಿ ಹೊಡೆಯುತ್ತದೆ. ಬೇರೆ ಕಡೆ ಡಿಸೈನ್ ಮಾಡಿಸಿದರೆ ಫೈಲನ್ನು ಕರ್ವ್ ಮಾಡಿಸಿ, ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಾಯಿಸಿ, ತನ್ನಿ. ಇಲ್ಲದಿದ್ದರೆ ನಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ನಿಮ್ಮ ಅಂಗಡಿ ಹೆಸರು ಏನೇನೋ ಆಗಿ ತೆರೆದುಕೊಳ್ಳುತ್ತದೆ.

ನನ್ನ ಕೇಳಿದರೆ, ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಕ್ಯಾಲೆಂಡರಿಗೆ ಹಾಕಿ. ವರ್ಷವಿಡೀ ಗಿರಾಕಿಯ ಅಡುಗೆಮನೆ ಗೋಡೆ ಮೇಲೆ ನಿಮ್ಮ ಹೆಸರು ಬಾಡಿಗೆ ಇಲ್ಲದೆ ಇರುತ್ತದೆ. ಆದರೆ ಅಲ್ಲಿಯೂ ದೇವರ ಫೋಟೊ ಮಿಂಚಲಿ ಅಂತ ಇಡೀ ಹಾಳೆಗೆ ಹೊಳಪು ಹಾಕಿಸುತ್ತಾರೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ಚೀಟಿ ಕಟ್ಟುವ ದಿನ, ಇದೆಲ್ಲ ಬರೆಯುವುದು ಅದರ ಮೇಲೇ ಅಲ್ವಾ? ಪೆನ್ನು ಹತ್ತದಿದ್ದರೆ ಅದನ್ನು ತೆಗೆದು ಪಕ್ಕದ ಅಂಗಡಿಯವರು ಕೊಟ್ಟದ್ದನ್ನು ತೂಗು ಹಾಕುತ್ತಾರೆ. ಅಮಾವಾಸ್ಯೆ, ಏಕಾದಶಿ ಒಂದು ದಿನ ಹೆಚ್ಚುಕಡಿಮೆ ಆದರಂತೂ ಬೈಗುಳ ಅಂಗಡಿಯವರಿಗೇ. ಪಂಚಾಂಗ ಬಲ್ಲವರಿಂದ ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ ಹಾಳೆ) ನೋಡಿಸಿಯೇ ಸಹಿ ಹಾಕಿ. ದೀಪಾವಳಿ ಕಳೆದ ಮೇಲೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಆಗ ಪ್ರೂಫ್ ಓದುವುದಕ್ಕೆ ನಿಮಗೂ ಪುರುಸೊತ್ತು ಇರುವುದಿಲ್ಲ, ಕ್ಯಾಲೆಂಡರಿನ ತಗಡಿನ ಪಟ್ಟಿ ಸರಿಯಾಗಿ ಒತ್ತುವುದಕ್ಕೆ ನಮ್ಮ ಬೈಂಡಿಂಗ್ ಹುಡುಗರಿಗೂ ಇರುವುದಿಲ್ಲ. ದಸರೆ ಹೊತ್ತಿಗೆ ಬನ್ನಿ.