ಬೆಳಿಗ್ಗೆ ಸಹಿ, ಮಧ್ಯಾಹ್ನ ಬೋಲ್ಟು

ಮಂಡ್ಯ ಕಡೆ ಸಕ್ಕರೆ ಗಿರಣಿಯಲ್ಲಿ ಕಬ್ಬು ಅರೆಯೋ ಕ್ರಷಿಂಗ್ ಶುರುವಾಯ್ತು ಅಂದ್ರೆ ಯಾರ್ಡಿನವರಿಗೆ ಇರೋದು ಒಂದೇ ಭಯ, ‘ನೋ ಕೇನ್’, ಅಂದ್ರೆ ಕಬ್ಬಿಲ್ಲದೆ ಗಿರಣಿ ನಿಲ್ಲೋದು. ಗಿರಣಿ ಹತ್ತು ನಿಮಿಷ ನಿಂತರೆ ಮೂರು ಫೋನು ಬರುತ್ತವೆ. ಟ್ರಾಕ್ಟರಿಗೆ ಟ್ರೇಲರು ಸಿಕ್ಕಿಸೋ ಪಿನ್ನು ಸವೆದಿದೆ ಅಂತ ಇವತ್ತಿನವರೆಗೆ ಯಾರೂ ಫೋನ್ ಮಾಡಿಲ್ಲ. ಹಾಗಾಗಿ ಗೇಟಿನಲ್ಲಿ ಚೆಕ್ ಅಂದ್ರೆ 22 ಕಾಲಮ್ಮಿನ ಫಾರಂ, ಟಿಕ್ಕು, ಸಹಿ, ಟೇರ್ (ಖಾಲಿ ಗಾಡಿಯ ತೂಕ), ಟೋಕನ್.

ಆ ದಿನದ ಟ್ರೇಲರಿಗೂ ಬೆಳಿಗ್ಗೆ ಏಳಕ್ಕೇ ಸಹಿ ಬಿದ್ದಿತ್ತು, ನನ್ನದೇ. ಪಿನ್, ಲಾಕ್, ಸರಪಳಿ ಎಲ್ಲಾ ಇದ್ದವು. ಆದರೆ ಅದು ಖಾಲಿ ಟ್ರೇಲರು. ಮಧ್ಯಾಹ್ನ ಗದ್ದೆ ಹತ್ತಿರ ಇನ್ನೊಂದು ಲೋಡು ಹೂತುಕೊಂಡಿತು ಅಂತ ಇದರ ಟ್ರಾಕ್ಟರು ಬಿಚ್ಚಿ ಎಳೆಯೋಕೆ ಕಳಿಸಿದರು. ವಾಪಸ್ ತಂದು ಹಾಕುವಾಗ ಪಿನ್ನು ತರಗಿನೊಳಗೆ ಎಲ್ಲೋ ಕಾಣೆ. ಟೂಲ್ ಬಾಕ್ಸಿನಲ್ಲಿದ್ದ ಬೋಲ್ಟು ಮೇಲಿಂದ ಇಳಿಬಿಟ್ಟು, ಥ್ರೆಡ್ ಸವೆದು ನಟ್ಟು ಕೂರದೆ ಹೋದಾಗ ಕೆಳಗೆ ಬೈಂಡಿಂಗ್ ವೈರು ಸುತ್ತಿದರು. ‘ಏನೂ ಆಗಕಿಲ್ಲ ಬುಡಣ್ಣ, ಎರಡು ಮೈಲಿ ತಾನೆ.’

ನಾಲೆ ಏರಿ ಹತ್ತುವಾಗ ಕಳಚಿತು.

ಕಳಚಿದ್ದಕ್ಕೆ ಕಾರಣ ಎರಡು. 32 ಮಿ.ಮೀ. ತೂತಿಗೆ 24ರ ಬೋಲ್ಟು ಹಾಕಿದರೆ ಮೂಕಿಯ (ಟ್ರೇಲರನ್ನು ಎಳೆಯೋ ಮುಂದಿನ ಕಂಬದ) ರಿಂಗು ಪ್ರತಿ ಗುಂಡಿಗೂ ಅದನ್ನು ಬಡಿಯುತ್ತೆ, ಬೋಲ್ಟು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಏಳುತ್ತೆ. ವೈರು ತಡೆಯೋದು ಎಷ್ಟು ಹೊತ್ತು? ಇನ್ನೊಂದು ಹಿಂಭಾರ. ಜಲ್ಲೆಯ ದಪ್ಪ ಬುಡವೆಲ್ಲ ಹಿಂದಕ್ಕೆ ಹಾಕಿ ಒಟ್ಟಿದ್ದರು. ಎರಡು ಚಕ್ರದ ಟ್ರೇಲರಿನಲ್ಲಿ ಭಾರ ಅಚ್ಚಿನಿಂದ ಹಿಂದಕ್ಕೆ ಹೋದರೆ ಮೂಕಿ ಟ್ರಾಕ್ಟರನ್ನು ಒತ್ತೋದು ಬಿಟ್ಟು ಎತ್ತುತ್ತೆ. ಏರಿನಲ್ಲಿ ಇನ್ನೂ ಜಾಸ್ತಿ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಮೂಕಿ ಎದ್ದರೆ ಎತ್ತಿನ ಕುತ್ತಿಗೆಯೇ ಹೇಳುತ್ತಿತ್ತು. ಟ್ರಾಕ್ಟರಿಗೆ ಬಾಯಿಲ್ಲ. ಹಾಗಂತ ಮುಂಭಾರ ಅತಿಯಾದರೂ ಕಷ್ಟ: ಟ್ರಾಕ್ಟರಿನ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳಲ್ಲ.

ಪಿನ್ನು ಕಳಚಿದರೂ ಟ್ರೇಲರನ್ನು ಹಿಡಿಯಬೇಕಾದ ಸರಪಳಿ? ಇತ್ತು. ಅದರ ಎರಡು ತುದಿಯೂ ಟ್ರೇಲರಿನಲ್ಲೇ ಸಿಕ್ಕಿಸಿಕೊಂಡಿತ್ತು, ಮಾಲೆ ಥರ. ಫಾರಮ್ಮಿನಲ್ಲಿ ಇರೋದು ‘ಸರಪಳಿ ಇದೆಯೇ’ ಅಂತ ಮಾತ್ರ.

ನಾನು ಹೋಗಿ ನೋಡಿದಾಗ ಮೂಕಿ ಆಕಾಶಕ್ಕೆ ನಿಂತಿತ್ತು, ಹಿಂದಿನ ಕಬ್ಬು ರಸ್ತೆಗೆ ನಾಟಿತ್ತು. ಕೆಳಗಡೆ ತಿರುವು, ತಿರುವಿನಾಚೆ ನೀರು, ತಡೆಗೋಡೆ ಇಲ್ಲ. ಹಿಂಭಾರ ಮಾಡಿದ್ದ ತಪ್ಪೇ ಬ್ರೇಕಾಗಿ ಗಾಡಿ ನಿಲ್ಲಿಸಿತ್ತು. ಅದು ಆಗ ನನಗೆ ಹೊಳೆಯಲಿಲ್ಲ. ನನ್ನ ಕಣ್ಣೆಲ್ಲ ಮೂಕಿ ಮೇಲೆ: ಹಿಂದಿನ ಕಬ್ಬು ಜಾರಿ ಬಿದ್ದರೆ ಮೂಕಿ ಒಂದೇ ಏಟಿಗೆ ಬೀಳುತ್ತೆ, ಕೆಳಗಿದ್ದವನು ಉಳಿಯಲ್ಲ. ಅದಕ್ಕೇ ಎಲ್ಲರನ್ನೂ ಮುಂದಿನಿಂದ ಓಡಿಸಿ, ಹಿಂದಿನ ಹೊರೆ ಇಳಿಸಿ ಅಂದೆ. ಕಬ್ಬು ಕಡಿಯೋ ಗ್ಯಾಂಗಿನವರು ಎಂಟು ಹತ್ತು ಹೊರೆ ಎಳೆದರು. ನಾಟಿದ್ದ ಕಬ್ಬು ರಸ್ತೆ ಬಿಟ್ಟಿತು. ಚಕ್ರ ತಿರುಗಿತು, ನಿಧಾನಕ್ಕೆ, ಏನೂ ಸದ್ದಿಲ್ಲದೆ. ಹಿಂದೆ ಆರು ಜನ ಇದ್ದರು. ಕ್ಲೀನರ್ ಹುಡುಗ ‘ಸಾ, ಕಲ್ಲು!’ ಅಂತ ಕೂಗಿ ಎಡಚಕ್ರದ ಹಿಂದೆ ಸೈಜುಗಲ್ಲು ತಳ್ಳಿದ. ಒಂದು ಮೊಳ ಸರಿದು ನಿಂತಿತು. ಬಲಚಕ್ರಕ್ಕೆ ಕಲ್ಲು ಕೊಡೋವರೆಗೂ ಯಾರೂ ಉಸಿರು ಬಿಡಲಿಲ್ಲ. ಇಳಿಸು ಅನ್ನೋ ಮೊದಲು ಎರಡೂ ಚಕ್ರಕ್ಕೆ ಇಳಿಜಾರಿನ ಕಡೆಯಿಂದ ಕಲ್ಲು ಕೊಡಿಸಬೇಕಿತ್ತು, ಹಿಂದೆ ನಿಂತು ಎಳೆಯೋ ಬದಲು ಪಕ್ಕದಿಂದ ಎಳೆಸಬೇಕಿತ್ತು, ಮೂಕಿಗೆ ಹಗ್ಗ ಕಟ್ಟಿ ಅದು ನಿಧಾನಕ್ಕೆ ಇಳಿಯುವಂತೆ ಹಿಡಿಸಬೇಕಿತ್ತು. ಟ್ರೇಲರಿಗೆ ತನ್ನದೇ ಬ್ರೇಕಿಲ್ಲ ಅನ್ನೋದು ಯಾರ್ಡಿನಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು.

ಈಗ ಸಹಿಗಿಂತ ಲೋಡಾದ ಮೇಲೆ, ಗದ್ದೆ ಬಿಡುವ ಮುನ್ನ ನೋಡೋದಕ್ಕೆ ಬೆಲೆ. ಬಿಚ್ಚಿ ಮತ್ತೆ ಹಾಕಿದರೆ ಬೆಳಗಿನ ಚೆಕ್ ಲೆಕ್ಕಕ್ಕಿಲ್ಲ. ಪಿನ್ನು ತೂತಿಗೆ ಸರಿಯಾದ ಅಳತೆಯದೇ ಇರಬೇಕು, ತೆಗೆದು ಬೆರಳಾಡಿಸಿದರೆ ಮೆಟ್ಟಿಲಿನಂಥ ಸವೆತ ಸಿಗಬಾರದು. ರಿಂಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಪಿನ್ನು ಹಾಕಿಯೂ ಪ್ರಯೋಜನವಿಲ್ಲ. ಲಾಕ್ ಹಾಕಿದ ಮೇಲೆ ಪಿನ್ನನ್ನು ಮೇಲಕ್ಕೆ ಎಳೆದು ನೋಡಬೇಕು. ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಂತೆ ದಾಟಿಸಿ ಟ್ರಾಕ್ಟರಿಗೆ ಹಾಕಿದರೆ ಕಳಚಿದ ಮೂಕಿ ನೆಲಕ್ಕೆ ಹೋಗದೆ ಅದರ ಮೇಲೆ ಕೂರುತ್ತೆ. ತಿರುವಿಗೆ ಬೇಕಾದಷ್ಟೇ ಸಡಿಲ, ನೆಲ ಉಜ್ಜುವಷ್ಟಲ್ಲ. ಟ್ರಾಕ್ಟರಿನ ಹಿಚ್ (ಟ್ರೇಲರು ಸಿಕ್ಕಿಸೋ ಜಾಗ) ತಗ್ಗಾಯ್ತು ಅಂತ ಅದಕ್ಕಿಂತ ಮೇಲಿರೋ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿ ಎಳೆಯೋರೂ ಇದ್ದಾರೆ, ಟ್ರಾಕ್ಟರು ಹಿಂದಕ್ಕೆ ಮಗುಚೋದು ಹಾಗೆಯೇ.

ಚಕ್ರದ ನಟ್ಟಿನ ಸುತ್ತ ತುಕ್ಕಿನ ಗೆರೆ ಸೋರಿದ್ದರೆ ನಟ್ಟು ಸಡಿಲ. ಟೈರ್ ಬದಲಿಸಿದ ಮೇಲೆ ಎದುರುಬದುರಾಗಿ ಬಿಗಿ ಮಾಡಿ, ಒಂದು ಟ್ರಿಪ್ಪು ಓಡಿಸಿ, ಮತ್ತೆ ಸ್ಪ್ಯಾನರ್ ಹಾಕಬೇಕು. ಮುಂದೆ ಪಿನ್ ಜಾಗದಿಂದ ಅಚ್ಚಿನ ಎರಡೂ ತುದಿಗೆ ಹಗ್ಗ ಹಿಡಿದು ಅಳೆದರೆ ಸಮ ಬರಬೇಕು. ಬರದಿದ್ದರೆ ಕಮಾನು ಪಟ್ಟಿಯ ಸೆಂಟರ್ ಬೋಲ್ಟು ಮುರಿದು ಅಚ್ಚು ಸರಿದಿರಬಹುದು, ಟ್ರೇಲರು ಓರೆಯಾಗಿ ಓಡುತ್ತಿರುತ್ತೆ. ಐದಾರು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಎರಡೂ ಹಬ್ಬಿನ ಹತ್ತಿರ ಕೈ ಹಿಡಿದು ನೋಡೋದಕ್ಕೆ ಒಂದು ನಿಮಿಷ ಸಾಕು. ಒಂದೇ ಕಡೆ ಸುಡುತ್ತಿದ್ದರೆ ಬೇರಿಂಗು.

ಲೈಟಿನ ವಿಷಯ ಹೇಳಿದರೆ ನಗ್ತಾರೆ. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವೂ ಜೊತೆಗೆ ಮಿನುಗಿದರೆ ಬಲ್ಬು ಬದಲಿಸಬೇಡಿ, ಅರ್ಥ್ ವೈರು ನೋಡಿ. ದೀಪ ಚೆನ್ನಾಗಿದ್ದೂ ಸೋಗೆ ಇಳಿಬಿದ್ದು ಮುಚ್ಚಿದ್ದರೆ ಇಲ್ಲದ ಹಾಗೇ. ಹಿಂದಿನ ಕೆಂಪು ರಿಫ್ಲೆಕ್ಟರ್ ಪಟ್ಟಿಯದೂ ಅದೇ ಕಥೆ. ಲೋಡಾದ ಮೇಲೆ ಕುಡುಗೋಲಿನಲ್ಲಿ ಸವರಬೇಕು. ಗದ್ದೆಯಲ್ಲಿ ಕೆಸರು ಹೊಡೆಯೋವಾಗ ಬೇರೆ ಮಾಡಿದ ಎರಡು ಬ್ರೇಕ್ ಪೆಡಲನ್ನು ಜೋಡಿಸದೆ ರಸ್ತೆಗೆ ಬಂದರೆ ಒಂದೇ ಚಕ್ರ ಹಿಡಿದು ಟ್ರಾಕ್ಟರು ಅಡ್ಡ ತಿರುಗುತ್ತೆ, ಹಿಂದಿನ ಲೋಡು ಅದನ್ನು ತಳ್ಳಿಕೊಂಡು ಹೋಗುತ್ತೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋದಂತೂ ಬೇಡವೇ ಬೇಡ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಟ್ರಾಕ್ಟರ್ ಬಿಡಲ್ಲ. ಸರ್ವಿಸ್ ರಸ್ತೆಯ ಹಂಪು, ಗುಂಡಿ ಎಲ್ಲದರ ಏಟು ಹೋಗಿ ಬೀಳೋದು ಆ ಪಿನ್ನಿನ ಮೇಲೇ. ಮ್ಯಾನೇಜ್‌ಮೆಂಟು ಆದ ಘಟನೆಗೆ ಫಾರಮ್ಮಿನಲ್ಲಿ 23ನೇ ಕಾಲಮ್ ಸೇರಿಸಿತು. ಪಿನ್ನನ್ನು ಸಣ್ಣ ಚೈನಿನಲ್ಲಿ ಮೂಕಿಗೇ ಕಟ್ಟಿಬಿಟ್ಟರೆ ತರಗಿನಲ್ಲಿ ಕಳೆಯಲ್ಲ ಅಂತ ನಾನು ಹಾಕಿದ ಇಂಡೆಂಟು (ಬೇಡಿಕೆ ಚೀಟಿ) ಮಾತ್ರ ಸ್ಟೋರ್ಸಿನಲ್ಲೇ ಕೂತಿದೆ. ಸದ್ಯಕ್ಕೆ ಡ್ರೈವರುಗಳೇ ಹಳೆ ಸೈಕಲ್ ಚೈನು ತಂದು ಕಟ್ಟಿಕೊಂಡಿದ್ದಾರೆ.