ಬೆಳಗಿನ 7 ಗಂಟೆಗೆ 11 ಜನ

ನಮ್ಮ ರೆಸಾರ್ಟ್ ಇರೋದು ಚಿಕ್ಕಮಗಳೂರಿಂದ ಮುಳ್ಳಯ್ಯನಗಿರಿಗೆ ಹೋಗೋ ದಾರೀಲಿ. ನಾನು ಫ್ರಂಟ್ ಆಫೀಸ್‌ನವನು, ಯೋಗ ಡೆಕ್‌ನ ಮ್ಯೂಸಿಕ್ಕೂ ನನ್ನ ತಲೆಗೇ. ಕಾಟೇಜ್ 6ರ ಗೆಸ್ಟ್, 70 ದಾಟಿದವರು, ರಾತ್ರಿ ಬಂದು ಕೇಳಿದರು: "ಬೆಳಗ್ಗೆ ಫ್ರೀ ಜಾಝ್ ಹಾಕ್ತೀಯೇನಪ್ಪಾ? ಶಾಂತವಾಗಿರೋದು. ಕಣ್ಮುಚ್ಚಿ ಕೂರ್ಬೇಕು." ಫ್ರೀ ಜಾಝ್ ಅಂದ್ರೆ ಮೊದಲೇ ಗೊತ್ತುಮಾಡಿದ ಧಾಟಿ, ತಾಳದ ಕಟ್ಟಿಲ್ಲದೆ ನುಡಿಸೋ ಜಾಝ್.

ಆ ವಾರ ಡಬಲ್ ಶಿಫ್ಟ್. ನೈಟ್ ಆಡಿಟ್, ಅಂದ್ರೆ ದಿನದ ಲೆಕ್ಕ, ಮುಗಿಸಿ ಹುಡುಕಿದೆ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಭಕ್ತಿಯಿಂದ ನುಡಿಸಿದವರು ಅಂತ ಗೊತ್ತಿತ್ತು. ಅವರ 'ಅಸೆನ್ಷನ್' ಆಲ್ಬಮ್ ಕಣ್ಣಿಗೆ ಬಿತ್ತು. ಆರೋಹಣ ಅಂದಮೇಲೆ ಇನ್ನೇನು ನೋಡೋದು ಅಂದುಕೊಂಡೆ. ಅರ್ಧ ನಿಮಿಷವೂ ಕೇಳದೆ ಸೇರಿಸಿ ಮಲಗಿದೆ.

ಬೆಳಗ್ಗೆ ಸಿಲ್ವರ್ ಮರಗಳ ಮಧ್ಯೆ ಮಂಜು ಹಾಗೇ ನಿಂತಿತ್ತು. ಅವರು ಶಾಲು ಹೊದ್ದು ಕೂತರು. ರಿಸೆಪ್ಷನ್ನಿಂದ ಪ್ಲೇ ಒತ್ತಿ ಡೆಕ್ ಕಡೆ ಹೊರಟೆ. ಅರ್ಧ ದಾರೀಲೇ ಕಿವಿಗೆ ಬಿತ್ತು. 1965ರ ಆ ರೆಕಾರ್ಡಿಂಗ್‌ನಲ್ಲಿ 11 ಜನ. 5 ಸ್ಯಾಕ್ಸೋಫೋನ್, 2 ಟ್ರಂಪೆಟ್. ಸುಮಾರು 40 ನಿಮಿಷ ಬಿಡುವಿಲ್ಲದ ಆರ್ಭಟ. ಓಡಿ ವಾಪಸ್ ಬಂದರೆ ಸಿಸ್ಟಂ ಹ್ಯಾಂಗ್. ಆಂಪ್ಲಿಫೈಯರ್ ಇರೋ ಬೀರುವಿನ ಕೀ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಹತ್ತಿರ, ಅವರು ಲಾಂಡ್ರಿಯಲ್ಲಿ. ಡೆಕ್‌ನಲ್ಲೇ ಒಂದು ಸ್ವಿಚ್ ಹಾಕಿಸಿ ಅಂತ ಎರಡು ವರ್ಷದಿಂದ ಮ್ಯಾನೇಜ್‌ಮೆಂಟ್‌ಗೆ ಹೇಳ್ತಿದ್ದೀನಿ. ಕೀ ಸಿಕ್ಕಿ ಆಫ್ ಮಾಡೋ ಹೊತ್ತಿಗೆ 4 ನಿಮಿಷ ಕಳೆದಿತ್ತು.

ಅವರು ಎದ್ದಿರಲಿಲ್ಲ. ಶಾಲಿನ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದರು. "ದೊಡ್ಡ ಸಂಗೀತವೇ ಕಣಪ್ಪಾ. ಮನೆಯವಳು ಹೋಗಿ ತಿಂಗಳಾಯ್ತು. ಇವತ್ತು ತಡ್ಕೊಳ್ಳೋಕಾಗ್ಲಿಲ್ಲ." ಆ ಮುಷ್ಟಿ ಈಗಲೂ ಕಣ್ಣಮುಂದಿದೆ.

ಬ್ರೀಫಿಂಗ್‌ನಲ್ಲಿ ಜನರಲ್ ಮ್ಯಾನೇಜರ್, ಇನ್ಮೇಲೆ ಕೊಳಲು ಮಾತ್ರ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ; ತಪ್ಪು ಸಂಗೀತದ್ದಲ್ಲ, ಕೇಳದೆ ಹಾಕಿದ ನನ್ನದು. ಮಧ್ಯಾಹ್ನ ಹೆಡ್‌ಫೋನ್ ಹಾಕಿ ಕೂತೆ. ಹೆಸರು ಬಿಟ್ಟು, ಎಷ್ಟು ಜನ, ಯಾವ ವಾದ್ಯ, ಡ್ರಮ್ಸ್ ಇದೆಯೋ ಇಲ್ಲವೋ ನೋಡುತ್ತಾ ಹೋದೆ. ಜಿಮ್ಮಿ ಜಫ್ರಿಯ 1961ರ ತ್ರಯ ಸಿಕ್ಕಿತು: ಕ್ಲಾರಿನೆಟ್, ಪಾಲ್ ಬ್ಲೇ ಪಿಯಾನೋ, ಸ್ಟೀವ್ ಸ್ವಾಲೋ ಬಾಸ್. ಡ್ರಮ್ಸ್ ಇಲ್ಲ. ಒಬ್ಬರು ಒಂದು ಮಾತು ಹೇಳಿದರೆ ಉಳಿದವರು ಕಾಯುತ್ತಾರೆ. ಆಮೇಲೆ ಕೋಲ್ಟ್ರೇನ್ ಅವರ ಪತ್ನಿ ಆಲಿಸ್ ಅವರ 1971ರ 'ಜರ್ನಿ ಇನ್ ಸಚ್ಚಿದಾನಂದ'. ತಂಬೂರಿಯ ಶ್ರುತಿ ಮೇಲೆ ಹಾರ್ಪ್, ಜತೆಗೆ ಫರೋ ಸ್ಯಾಂಡರ್ಸ್ ಸ್ಯಾಕ್ಸೋಫೋನ್. 'ಅಸೆನ್ಷನ್'ನಲ್ಲಿ ಕಿರುಚಿದವರಲ್ಲಿ ಇದೇ ಸ್ಯಾಂಡರ್ಸ್ ಕೂಡ ಒಬ್ಬರು! ಕಿಚನ್ ಹುಡುಗ ಒಂದು ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು, "ನಮ್ಮೂರ ಭಜನೆ ಮನೆ ತಂಬೂರಿ ಥರಾನೇ ಐತಲ್ಲ ಸಾರ್" ಅಂದ.

ಮರುದಿನ ಅವರದು ಚೆಕ್‌ಔಟ್. ಅವರನ್ನು ಕೇಳಿ, ಒಪ್ಪಿದ ಮೇಲೆ ಆಲಿಸ್ ಅವರ ಆಲ್ಬಮ್ಮನ್ನೇ ಹಾಕಿದೆ. ಈ ಸಲ ಬೀರುವಿನ ಕೀ ನನ್ನ ಜೇಬಲ್ಲಿತ್ತು. ಕಾಫಿ ಆರಿಹೋಗಿತ್ತು. ಬೇರೆ ತರಲಾ ಅಂತ ಬಗ್ಗಿ ಕೇಳಿದೆ. ಕಣ್ಣು ತೆರೆಯದೆ, ಕೈಸನ್ನೆಯಲ್ಲೇ ಬೇಡ ಅಂದರು.